ಫ್ಲಾರೆನ್ಸ್‌ನ ಹಳೇ ಊರಿನಲ್ಲಿ ಕಡಿಮೆ ಬಾಡಿಗೆಯ ಹೋಟೆಲ್: ಬುಕ್ ಮಾಡುವ ಮೊದಲಿಂದ ಕೀ ವಾಪಸ್ ಕೊಡುವ ತನಕ

ಇಟಲಿಯ ಫ್ಲಾರೆನ್ಸ್‌ನಲ್ಲಿ, ಅದೂ ಹಳೇ ಊರಿನ ಒಳಗೆ, ಕಡಿಮೆ ಬಾಡಿಗೆಯ ಹೋಟೆಲ್ ಅಂದರೆ ಹೋಟೆಲ್‌ಗೆಂದೇ ಕಟ್ಟಿದ ಕಟ್ಟಡ ಆಗಿರುವುದು ಕಡಿಮೆ. ಸಾಮಾನ್ಯವಾಗಿ ಅದು ನೂರಾರು ವರ್ಷದ ಹಿಂದಿನ ದಪ್ಪ ಗೋಡೆಯ ಮನೆ. ಕೆಳಗೆ ಚರ್ಮದ ಬ್ಯಾಗಿನ ಅಂಗಡಿ, ಮೊದಲ ಮಹಡಿಯಲ್ಲಿ ವಕೀಲರ ಆಫೀಸು, ಎರಡನೆಯದರಲ್ಲಿ ಯಾರದೋ ಸಂಸಾರ, ಮೂರನೆಯದರಲ್ಲಿ ಎಂಟು ಹತ್ತು ರೂಮಿನ ನಿಮ್ಮ ಹೋಟೆಲ್. ಬೀದಿಗೆ ದೊಡ್ಡ ಬೋರ್ಡೂ ಇರುವುದಿಲ್ಲ. ಬಾಗಿಲ ಪಕ್ಕದಲ್ಲಿ ಅಂಗೈಯಗಲದ ಹಿತ್ತಾಳೆ ಫಲಕ ಇದ್ದರೆ ಇತ್ತು.

ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಲಿಫ್ಟ್ ಇಲ್ಲ, ರೂಮು ಚಿಕ್ಕದು, ಬಾತ್‌ರೂಮು ಇಕ್ಕಟ್ಟು, ರಾತ್ರಿ ಬೀದಿಯ ಗಲಾಟೆ ಅಂತ ಜನ ರಿವ್ಯೂಗಳಲ್ಲಿ ಬರೆಯುತ್ತಾರಲ್ಲ, ಅದರಲ್ಲಿ ಹೆಚ್ಚಿನದು ನಡೆಸುವವರ ತಪ್ಪಲ್ಲ, ಕಟ್ಟಡದ ಗುಣ. ಈ ಹಳೇ ಊರು 1982ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಮೆಟ್ಟಿಲ ಸುತ್ತ ಗೋಡೆ ಒಡೆದು ಲಿಫ್ಟ್ ಕೂರಿಸುವುದಕ್ಕಾಗಲಿ, ಬೀದಿ ಕಡೆ ಗೋಡೆಗೆ ಏಸಿ ಡಬ್ಬ ನೇತು ಹಾಕುವುದಕ್ಕಾಗಲಿ ಸುಲಭಕ್ಕೆ ಅನುಮತಿ ಸಿಗುವುದಿಲ್ಲ. ಕಟ್ಟಡವನ್ನು ಯಾರೂ ಬದಲಾಯಿಸಲಾರರು. ಆದರೆ ಯಾವ ಕಟ್ಟಡ, ಎಷ್ಟನೇ ಮಹಡಿ, ಯಾವ ಕಡೆಗೆ ಕಿಟಕಿ ಅನ್ನುವುದನ್ನು ನೀವು ಆರಿಸಿಕೊಳ್ಳಬಹುದು. ಸ್ಟಾರ್ ಎಷ್ಟು, ಫೋಟೊ ಹೇಗಿದೆ ಅನ್ನುವುದಕ್ಕಿಂತ ಈ ಮೂರು ಜಾಸ್ತಿ ಮುಖ್ಯ.

ಮೊದಲು ತಿಂಗಳು ನೋಡಿ

ಬಾಡಿಗೆ ಕಡಿಮೆ ಇರುವುದು ನವೆಂಬರ್‌ನಲ್ಲಿ, ಮತ್ತೆ ಜನವರಿ ನಡುವಿನಿಂದ ಫೆಬ್ರವರಿ ಕೊನೆ ತನಕ. ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರ್ ಮತ್ತು ಅಕ್ಟೋಬರ್ ದುಬಾರಿ. ಅದೇ ರೂಮಿಗೆ ಎರಡು ಪಟ್ಟು ಕೇಳುವುದೂ ಉಂಟು. ಇದರ ಜೊತೆಗೆ ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಇದೆ. ಜನವರಿಯಲ್ಲೂ ಜೂನ್‌ನಲ್ಲೂ ಊರಿನ ಕೋಟೆ ಫೋರ್ತೆಜ್ಜಾ ದ ಬಾಸ್ಸೊದಲ್ಲಿ ಪಿಟ್ಟಿ ಉವೊಮೊ ಅನ್ನುವ ಗಂಡಸರ ಫ್ಯಾಶನ್ ಮೇಳ ನಡೆಯುತ್ತದೆ. ಕೋಟೆ ಇರುವುದು ರೈಲ್ವೆ ಸ್ಟೇಷನ್ ಪಕ್ಕದಲ್ಲೇ. ಆ ನಾಲ್ಕೈದು ದಿನ ಸ್ಟೇಷನ್ ಸುತ್ತಿನ ಸಣ್ಣ ಹೋಟೆಲುಗಳೂ ತುಂಬಿಬಿಡುತ್ತವೆ. ಜನವರಿ ಅಗ್ಗ ಅಂದುಕೊಂಡವರಿಗೆ ದರ ನೋಡಿ ಗಾಬರಿಯಾಗುವುದು ಇದಕ್ಕೇ. ತಾರೀಖು ಗಟ್ಟಿ ಮಾಡುವ ಮೊದಲು ಮೇಳ ಯಾವಾಗ ಅಂತ ಒಮ್ಮೆ ನೋಡಿಕೊಳ್ಳಿ. ಈಸ್ಟರ್ ವಾರ, ಮತ್ತೆ ಊರಿನ ಕಾವಲು ಸಂತ ಸಾನ್ ಜೊವಾನ್ನಿಯ ಹಬ್ಬ ಬರುವ ಜೂನ್ 24ರ ಆಸುಪಾಸಿನಲ್ಲೂ ಹೀಗೇ.

ಆಗಸ್ಟ್‌ನಲ್ಲಿ ಕೆಲವೊಮ್ಮೆ ಬಾಡಿಗೆ ಇಳಿಯುತ್ತದೆ. ಆದರೆ ಗುಡ್ಡಗಳ ನಡುವೆ ಬಟ್ಟಲಿನ ತಳದಲ್ಲಿ ಕೂತ ಊರು ಇದು, ಗಾಳಿ ಆಡುವುದಿಲ್ಲ. 35 ಡಿಗ್ರಿ ದಾಟುವುದು ಮಾಮೂಲಿ. ಏಸಿ ಇಲ್ಲದ ರೂಮನ್ನು ಜುಲೈ ಆಗಸ್ಟ್‌ನಲ್ಲಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನುತ್ತೇನೆ ನಾನು.

ಯಾವ ಕಡೆ ಇಳಿಯಬೇಕು

1865ರಿಂದ 1871ರ ತನಕ ಫ್ಲಾರೆನ್ಸ್ ಇಟಲಿಯ ರಾಜಧಾನಿಯಾಗಿತ್ತು. ಆಗ ಜುಸೆಪ್ಪೆ ಪೊಜ್ಜಿ ಅನ್ನುವ ವಾಸ್ತುಶಿಲ್ಪಿಯ ಯೋಜನೆಯಂತೆ ನದಿಯ ಉತ್ತರ ದಡದ ಕೋಟೆಗೋಡೆ ಕೆಡವಿ ಅಗಲವಾದ ರಸ್ತೆ ಮಾಡಿದರು. ಆ ರಸ್ತೆಗಳಿಗೆ ವಿಯಾಲಿ ಅನ್ನುತ್ತಾರೆ. ಮ್ಯಾಪಿನಲ್ಲಿ ಅದನ್ನೇ ಗುರುತು ಇಟ್ಟುಕೊಳ್ಳಿ: ಅದರ ಒಳಗಿರುವುದು ಹಳೇ ಊರು. ಚಿಕ್ಕದೇ. ಸಾಂತಾ ಮರಿಯಾ ನೊವೆಲ್ಲಾ ರೈಲ್ವೆ ಸ್ಟೇಷನ್‌ನಿಂದ ದೊಡ್ಡ ಗುಮ್ಮಟದ ಕೆಥೆಡ್ರಲ್‌ಗೆ ನಡೆದರೆ ಹತ್ತು ಹನ್ನೆರಡು ನಿಮಿಷ, ಅಲ್ಲಿಂದ ಪೊಂತೆ ವೆಕ್ಕಿಯೊ ಸೇತುವೆಗೆ ಇನ್ನೊಂದು ಹತ್ತು ನಿಮಿಷ. ಹಾಗಾಗಿ ಕೆಥೆಡ್ರಲ್ ಎದುರಿಗೇ ರೂಮು ಬೇಕು ಅಂತ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ಅಲ್ಲಿ ಗಂಟೆಗಳೂ ಬೆಳಿಗ್ಗೆಯೇ ಎಬ್ಬಿಸುತ್ತವೆ.

ಸ್ಟೇಷನ್‌ನಿಂದ ಸಾನ್ ಲೊರೆಂಜೊ ಮಾರ್ಕೆಟ್ ತನಕ, ಅಂದರೆ ವಿಯಾ ಫಾಯೆಂಜಾ, ವಿಯಾ ನಾಜಿಯೊನಾಲೆ, ವಿಯಾ ಫಿಯುಮೆ ಬೀದಿಗಳಲ್ಲಿ, ಅಗ್ಗದ ಹೋಟೆಲುಗಳು ಒತ್ತೊತ್ತಾಗಿವೆ. ನೋಡಲು ಅಷ್ಟು ಚಂದದ ಜಾಗವಲ್ಲ, ಆದರೆ ಲಗೇಜ್ ಹೊತ್ತು ಬಂದವರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಸಾಂತಾ ಕ್ರೋಚೆ ಕಡೆ ಬೀದಿಗಳು ಸೊಗಸಾಗಿವೆ. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಬಂದಾಗ ನೀರು ಎಲ್ಲಿಯ ತನಕ ಏರಿತ್ತು ಅಂತ ಗೋಡೆಗಳ ಮೇಲೆ ಫಲಕ ಹಾಕಿದ್ದಾರೆ, ಕತ್ತೆತ್ತಿ ನೋಡಬೇಕು, ಅಷ್ಟು ಎತ್ತರ. ಆದರೆ ಅಲ್ಲಿನ ವಿಯಾ ದೆ ಬೆಂಚಿ, ವಿಯಾ ವೆರ್ದಿ ಬೀದಿಗಳಲ್ಲಿ ಬಾರುಗಳು ಜಾಸ್ತಿ, ರಾತ್ರಿ ಎರಡು ಗಂಟೆಗೂ ಜನ ಮಾತಾಡುತ್ತಾ ನಿಂತಿರುತ್ತಾರೆ. ನದಿಯಾಚೆ ಸಾಂತೊ ಸ್ಪಿರಿತೊ ಚೌಕದಲ್ಲೂ ಇದೇ ಕಥೆ. ಚೌಕ ಬಿಟ್ಟು ಎರಡು ಬೀದಿ ಒಳಗೆ ಹೋದರೆ ಸದ್ದಿಲ್ಲ. ಸಾನ್ ಮಾರ್ಕೊ ಸುತ್ತಮುತ್ತ ಸಾಮಾನ್ಯವಾಗಿ ಶಾಂತ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಸಾನ್ ಲೊರೆಂಜೊ ಅಥವಾ ಸಾನ್ ಮಾರ್ಕೊ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೀರಾ? ಮಂಡಿ ನೋವಿನವರು ಇದ್ದಾರಾ? ಹಾಗಿದ್ದರೆ ಹಳೇ ಊರಿನ ಆಸೆ ಸ್ವಲ್ಪ ಬಿಡಿ. ವಿಯಾಲಿಯ ಹೊರಗೆ, ಟ್ರಾಮ್ ದಾರಿಯಲ್ಲಿ, ನೊವೊಲಿಯಂಥ ಹೊಸ ಬಡಾವಣೆಯಲ್ಲಿ ನೋಡಿ. ಅಲ್ಲಿ ಲಿಫ್ಟ್ ಇರುವ ಹೊಸ ಕಟ್ಟಡಗಳಿವೆ, ಬಾಡಿಗೆಯೂ ಕಡಿಮೆ. ಟಿ2 ಟ್ರಾಮ್ ಹತ್ತಿದರೆ ಸ್ಟೇಷನ್‌ಗೆ ನೇರ ಬಂದು ಇಳಿಯಬಹುದು.

ಕಾನ್ವೆಂಟುಗಳು, ಧಾರ್ಮಿಕ ಸಂಸ್ಥೆಗಳು ನಡೆಸುವ ತಂಗುಮನೆಗಳೂ ಇವೆ. ಹುಡುಕುವಾಗ ‘ಕಾಸಾ ಪೆರ್ ಫೆರಿಯೆ’ ಅಂತ ಹಾಕಿ. ಯಾವ ಧರ್ಮದವರಾದರೂ ಇಳಿಯಬಹುದು. ಸ್ವಚ್ಛ, ಸದ್ದಿಲ್ಲ, ಬಾಡಿಗೆ ಕಡಿಮೆ. ರಾತ್ರಿ ಇಷ್ಟು ಗಂಟೆಗೆ ಬಾಗಿಲು ಹಾಕುತ್ತೇವೆ ಅನ್ನುವ ನಿಯಮ ಇರುವುದು ಹೆಚ್ಚು, ಅದಕ್ಕೆ ಒಪ್ಪುವುದಾದರೆ ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಇದು ತುಂಬ ಒಳ್ಳೆಯ ಜಾಗ.

ಬುಕ್ ಮಾಡುವ ಮೊದಲು ಒಂದು ಮೆಸೇಜ್ ಹಾಕಿ

ಇದನ್ನು ಬಿಡಬೇಡಿ. ಎರಡು ಮೂರು ಹೋಟೆಲ್ ಆರಿಸಿಕೊಂಡ ಮೇಲೆ ಪ್ರತಿಯೊಂದಕ್ಕೂ ಸರಳ ಇಂಗ್ಲಿಷ್‌ನಲ್ಲಿ ಒಂದು ಮೆಸೇಜ್ ಕಳಿಸಿ. ಸಣ್ಣ ಹೋಟೆಲುಗಳಲ್ಲಿ ಉತ್ತರ ಕೊಡುವವರು ಹೆಚ್ಚಾಗಿ ಮಾಲೀಕರೇ ಅಥವಾ ಅವರ ಮನೆಯವರೇ. ಅವರು ಹೇಗೆ ಉತ್ತರ ಕೊಡುತ್ತಾರೆ ಅನ್ನುವುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಮೊದಲ ಪ್ರಶ್ನೆ ಲಿಫ್ಟ್‌ದು. ಇದೆಯಾ ಅಂತ ಮಾತ್ರ ಕೇಳಬೇಡಿ, ಬೀದಿಯ ಮಟ್ಟದಿಂದಲೇ ಇದೆಯಾ ಅಂತ ಕೇಳಿ. ಎಷ್ಟೋ ಹಳೇ ಕಟ್ಟಡಗಳಲ್ಲಿ ಮೊದಲು ಹತ್ತು ಹದಿನೈದು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಶುರು. ಲಿಫ್ಟ್ ಇಲ್ಲ ಅಂದರೆ ಎಷ್ಟನೇ ಮಹಡಿ, ಒಟ್ಟು ಎಷ್ಟು ಮೆಟ್ಟಿಲು ಅಂತ ಕೇಳಿ. ನಮ್ಮಲ್ಲಿನ ಹಾಗೇ ಅಲ್ಲೂ ನೆಲಮಹಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆಲಮಹಡಿಗೂ ಮೊದಲ ಮಹಡಿಗೂ ನಡುವೆ ಒಂದು ಗಿಡ್ಡ ಮಹಡಿ ಇದ್ದರೆ ಅದೂ ಲೆಕ್ಕಕ್ಕಿಲ್ಲ. ಅದಕ್ಕಿಂತ ಮುಖ್ಯ ವಿಷಯ ಚಾವಣಿಯ ಎತ್ತರ. ಹಳೇ ಶ್ರೀಮಂತರ ಮನೆಗಳಲ್ಲಿ ಒಂದು ಮಹಡಿ ನಾಲ್ಕೈದು ಮೀಟರ್ ಎತ್ತರ ಇರಬಹುದು. ಅಂಥ ಮನೆಯಲ್ಲಿ ಒಂದೊಂದು ಮಹಡಿಗೆ 25–30 ಮೆಟ್ಟಿಲು. ಮೂರನೇ ಮಹಡಿ ಅಂದರೆ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಐದನೇ ಮಹಡಿ ಹತ್ತಿದ ಲೆಕ್ಕ. ಮೆಟ್ಟಿಲ ಕಲ್ಲು ತಲೆಮಾರುಗಟ್ಟಲೆ ತುಳಿತಕ್ಕೆ ನಡುವೆ ಸವೆದು ಗುಳಿ ಬಿದ್ದಿರುತ್ತದೆ. ಇಪ್ಪತ್ಮೂರು ಕಿಲೊ ಸೂಟ್‌ಕೇಸ್ ಹಿಡಿದು ಹತ್ತುವಾಗ ಗೋಡೆ ಕಡೆಗೆ ಕಾಲಿಡಿ, ಅಲ್ಲಿ ಕಲ್ಲು ಸವೆದಿರುವುದು ಕಡಿಮೆ. ಆದರೆ ನಿಜವಾದ ಉಪಾಯ ಅಂದರೆ ಮನೆಯಿಂದಲೇ ಚಿಕ್ಕ ಪೆಟ್ಟಿಗೆ ತೆಗೆದುಕೊಂಡು ಹೋಗುವುದು.

ಎರಡನೆಯದು ಕಿಟಕಿ. ಬೀದಿ ಕಡೆಗಾ, ಒಳ ಅಂಗಳದ ಕಡೆಗಾ? ಅಂಗಳದ ಕಡೆಯ ರೂಮಿಗೆ ಬೆಳಕು ಕಡಿಮೆ, ನೋಟ ಏನೂ ಇರುವುದಿಲ್ಲ, ಎದುರಿನ ಮನೆಯ ಒಗೆದ ಬಟ್ಟೆ ಕಾಣುತ್ತದೆ. ಆದರೆ ನಿದ್ದೆ ಬರುತ್ತದೆ. ಕಲ್ಲಿನ ಇಕ್ಕಟ್ಟು ಬೀದಿಯಲ್ಲಿ ಸದ್ದು ಎಲ್ಲಿಗೂ ಹೋಗದೆ ಮೇಲಕ್ಕೇ ಏರುತ್ತದೆ. ನಡುರಾತ್ರಿ ಬೀದಿ ತೊಳೆಯುವ ಗಾಡಿ, ಬೆಳಗಿನ ಜಾವ ಗಾಜಿನ ಬಾಟಲಿ ಸುರಿದುಕೊಳ್ಳುವ ಕಸದ ಲಾರಿ, ಚಪ್ಪಡಿ ಕಲ್ಲಿನ ಮೇಲೆ ಸೂಟ್‌ಕೇಸ್ ಚಕ್ರಗಳ ಗಡಗಡ, ಎಲ್ಲವೂ ಪಕ್ಕದಲ್ಲೇ ಆದ ಹಾಗೆ ಕೇಳುತ್ತದೆ. ಹಗಲೆಲ್ಲ ನೀವು ಹೊರಗೇ ಇರುತ್ತೀರಿ. ರೂಮು ಬೇಕಿರುವುದು ಮಲಗುವುದಕ್ಕೆ ಅಲ್ವಾ? ಅಂಗಳದ ಕಡೆಗೆ ಕೇಳಿ.

ಮೂರನೆಯದು ಬಾತ್‌ರೂಮು. ‘ಪ್ರೈವೇಟ್’ ಅಂದರೆ ರೂಮಿನ ಒಳಗೇ ಇದೆ ಅಂತಲ್ಲ. ನಿಮಗೆ ಮಾತ್ರ ಕೀ ಕೊಟ್ಟಿರುತ್ತಾರೆ, ಆದರೆ ಅದು ಪ್ಯಾಸೇಜಿನ ಆಚೆ ಇರಬಹುದು. ರೂಮಿನ ಒಳಗೇ ಬೇಕಿದ್ದರೆ ಒಳಗೇ ಇದೆಯಾ ಅಂತ ಬಿಡಿಸಿ ಕೇಳಿ. ಎಲ್ಲರಿಗೂ ಸೇರಿದ ಬಾತ್‌ರೂಮಿರುವ ರೂಮುಗಳಿಗೆ ಬಾಡಿಗೆ ಸಾಕಷ್ಟು ಇಳಿಯುತ್ತದೆ. ಒಂದೆರಡು ರಾತ್ರಿಗೆ ಅದೇನೂ ಕಷ್ಟವಲ್ಲ.

ಹಾಸಿಗೆಯ ಬಗ್ಗೆಯೂ ಹೇಳಿಬಿಡಿ. ಗಂಡ ಹೆಂಡತಿಗೆ ‘ಮತ್ರಿಮೊನಿಯಾಲೆ’, ಬೇರೆ ಬೇರೆ ಹಾಸಿಗೆ ಬೇಕಿದ್ದರೆ ‘ದುಯೆ ಲೆತ್ತಿ’. ಏಸಿ ಇದೆಯಾ, ಅದಕ್ಕೆ ಬೇರೆ ದುಡ್ಡಾ ಅಂತ ಕೇಳಿ. ನೀವು ಎಷ್ಟು ಗಂಟೆಗೆ ತಲುಪುತ್ತೀರಿ ಅಂತ ತಿಳಿಸಿ. ಈ ಕೊನೆಯದು ಸಣ್ಣದಲ್ಲ. ಇಂಥ ಹೋಟೆಲುಗಳಲ್ಲಿ ರಾತ್ರಿಯಿಡೀ ಯಾರೂ ಕೂತಿರುವುದಿಲ್ಲ, ಎಂಟೋ ಹತ್ತೋ ಗಂಟೆಗೆ ಮುಚ್ಚಿಕೊಂಡು ಹೋಗುತ್ತಾರೆ. ರೈಲು ತಡವಾದರೆ ದಾರಿಯಿಂದಲೇ ಒಂದು ಫೋನ್ ಮಾಡಿ.

ದುಡ್ಡು, ತೆರಿಗೆ, ವೀಸಾ ಕಾಗದ

ಇಟಲಿಗೆ ಹೋಗುವುದಕ್ಕೆ ಬೇಕಾದ ಷೆಂಗೆನ್ ವೀಸಾ ಅರ್ಜಿಯ ಜೊತೆ ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೆ ದಾಖಲೆ ಕೊಡಬೇಕು. ಆದ್ದರಿಂದ ಮೊದಲು ದುಡ್ಡು ವಾಪಸ್ ಸಿಗುವ ಬುಕಿಂಗನ್ನೇ ಮಾಡಿ, ಸ್ವಲ್ಪ ಜಾಸ್ತಿಯಾದರೂ ಸರಿ. ಎಲ್ಲ ರಾತ್ರಿಗಳೂ, ಎಲ್ಲರ ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ಅರ್ಜಿಯನ್ನು ಹೊರಡುವ ದಿನಕ್ಕೆ 6 ತಿಂಗಳು ಮೊದಲಿಂದಲೇ ಹಾಕಬಹುದು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು. ವೀಸಾ ಬಂದ ಮೇಲೆ ಹೋಟೆಲ್ ಬದಲಾಯಿಸಿದರೆ ಹೊಸ ಬುಕಿಂಗಿನ ಪ್ರಿಂಟ್ ಕೈಯಲ್ಲಿಟ್ಟುಕೊಳ್ಳಿ.

ಆನ್‌ಲೈನ್‌ನಲ್ಲಿ ಕಂಡ ದರದಲ್ಲಿ ನಗರದ ಪ್ರವಾಸಿ ತೆರಿಗೆ ಹೆಚ್ಚಾಗಿ ಸೇರಿರುವುದಿಲ್ಲ. ಅದನ್ನು ಹೋಟೆಲಿನಲ್ಲೇ ಕಟ್ಟಬೇಕು, ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ. 2023ರಲ್ಲಿ ನಿಗದಿಯಾದ ದರದಲ್ಲಿ 1 ಸ್ಟಾರ್ ಹೋಟೆಲಿಗೆ 3.50 ಯೂರೋ, 2 ಸ್ಟಾರ್‌ಗೆ 4.50, 3 ಸ್ಟಾರ್‌ಗೆ 6 ಯೂರೋ. ಏಳು ರಾತ್ರಿಗೆ ಮಾತ್ರ, ಎಂಟನೇ ರಾತ್ರಿಯಿಂದ ಇಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಇಬ್ಬರು ನಾಲ್ಕು ರಾತ್ರಿ 3 ಸ್ಟಾರ್‌ನಲ್ಲಿ ಇದ್ದರೆ 48 ಯೂರೋ ಆಯಿತು. ಹಾಗಾಗಿ ಎರಡು ಹೋಟೆಲಿನ ಬಾಡಿಗೆ ಹೋಲಿಸುವಾಗ ಇದನ್ನೂ ಕೂಡಿಸಿ ನೋಡಿ. ನಗದು ಕೇಳಿದರೂ ರಸೀದಿ ಕೊಡಬೇಕು, ಕೇಳಿ ತೆಗೆದುಕೊಳ್ಳಿ.

ಮೋಸದ ಜಾಹೀರಾತಿನ ಭಯ ಇದ್ದರೆ ಒಂದು ದಾರಿ ಇದೆ. ಇಟಲಿಯಲ್ಲಿ 2025ರ ಜನವರಿಯಿಂದ ತಂಗುವ ಜಾಗಗಳಿಗೆಲ್ಲ ಒಂದು ರಾಷ್ಟ್ರೀಯ ಗುರುತು ಸಂಖ್ಯೆ ಕಡ್ಡಾಯ. ‘ಸಿಐಎನ್’ ಅನ್ನುತ್ತಾರೆ, ‘ಐಟಿ’ ಅಕ್ಷರಗಳಿಂದ ಶುರುವಾಗುತ್ತದೆ. ಜಾಹೀರಾತಿನಲ್ಲೂ ಇರಬೇಕು, ಕಟ್ಟಡದ ಬಾಗಿಲಲ್ಲೂ ಇರಬೇಕು. ಅದು ಕಾಣದ ಜಾಗಕ್ಕೆ ದುಡ್ಡು ಕಟ್ಟಬೇಡಿ. ಬುಕಿಂಗ್ ತಾಣದ ಹೊರಗೆ ಬ್ಯಾಂಕಿಗೆ ಹಾಕಿ ಅಂದರೂ ಬೇಡ.

ಊರಿಂದ ಹೊರಡುವ ಮೊದಲು ನಿಮ್ಮ ಕಾರ್ಡಿಗೆ ವಿದೇಶದ ವ್ಯವಹಾರ ಆನ್ ಮಾಡಿಸಿಕೊಳ್ಳಿ. ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿಯಲ್ಲಾ ಯೂರೋದಲ್ಲಾ ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರ ವಿನಿಮಯ ದರ ಬೀಳುತ್ತದೆ, ನಷ್ಟ.

ಸ್ಟೇಷನ್‌ನಿಂದ ಬಾಗಿಲ ತನಕ

ರೋಮ್‌ಗೆ ಇಳಿದರೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ. ಫ್ಲಾರೆನ್ಸ್‌ನ ಸಣ್ಣ ಏರ್‌ಪೋರ್ಟಿಗೇ ಬಂದರೆ ಟಿ2 ಟ್ರಾಮ್ ಅಲ್ಲೇ ನಿಂತಿರುತ್ತದೆ, ಇಪ್ಪತ್ತು ನಿಮಿಷದಲ್ಲಿ ಸ್ಟೇಷನ್. ಟಿಕೆಟನ್ನು ಹತ್ತಿದ ಕೂಡಲೇ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಬಾಡಿಗೆ ಕಾರಿನಲ್ಲಿ ಹಳೇ ಊರಿನೊಳಗೆ ನುಗ್ಗಬೇಡಿ. ಅನುಮತಿ ಇಲ್ಲದ ಗಾಡಿಗಳನ್ನು ಹಿಡಿಯಲು ಕ್ಯಾಮೆರಾಗಳಿವೆ, ದಂಡದ ಕಾಗದ ತಿಂಗಳುಗಳಾದ ಮೇಲೆ ಮನೆಗೆ ಬರುತ್ತದೆ. ಹೋಗಲೇಬೇಕಿದ್ದರೆ ಕಾರಿನ ನಂಬರನ್ನು ಮೊದಲೇ ಹೋಟೆಲಿಗೆ ಕೊಟ್ಟು ನೋಂದಾಯಿಸಿಕೊಳ್ಳಿ.

ವಿಳಾಸ ಹುಡುಕುವಾಗ ಫ್ಲಾರೆನ್ಸ್‌ನಲ್ಲಿ ಒಂದು ವಿಚಿತ್ರ ಇದೆ. ಒಂದೇ ಬೀದಿಯಲ್ಲಿ ಎರಡು ಸಾಲು ನಂಬರುಗಳು. ಮನೆಗಳಿಗೆ ಕಪ್ಪು ಅಥವಾ ನೀಲಿ ನಂಬರು, ಅಂಗಡಿಗಳಿಗೆ ಕೆಂಪು ನಂಬರು. ಕೆಂಪಿನದನ್ನು ಬರೆಯುವಾಗ ಸಂಖ್ಯೆಯ ಪಕ್ಕ ‘ಆರ್’ ಅಂತ ಇಂಗ್ಲಿಷ್ ಅಕ್ಷರ ಹಾಕುತ್ತಾರೆ. ಎರಡೂ ಸಾಲು ಬೇರೆ ಬೇರೆಯಾಗಿ ಓಡುತ್ತವೆ. ಹಾಗಾಗಿ ಕಪ್ಪು 20 ಮತ್ತು ಕೆಂಪು 20 ಅಕ್ಕಪಕ್ಕ ಇರಬೇಕಾಗಿಲ್ಲ, ಬೀದಿಯ ಅತ್ತ ಇತ್ತ ಇರಬಹುದು. ಮಹಡಿ ಮೇಲಿನ ಹೋಟೆಲಿಗೆ ಇರುವುದು ಸಾಮಾನ್ಯವಾಗಿ ಮನೆಯ ನಂಬರು. ಕೆಂಪು 20ರ ಐಸ್‌ಕ್ರೀಮ್ ಅಂಗಡಿ ಮುಂದೆ ಲಗೇಜ್ ಇಟ್ಟುಕೊಂಡು ಹೋಟೆಲ್ ಎಲ್ಲಿ ಅಂತ ಹುಡುಕುವವರನ್ನು ದಿನಾ ಕಾಣಬಹುದು.

ನಂಬರು ಸಿಕ್ಕಿದ ಮೇಲೆ ಬಾಗಿಲ ಪಕ್ಕದ ಗಂಟೆಗಳ ಸಾಲಿನಲ್ಲಿ ಹೋಟೆಲಿನ ಹೆಸರು ಹುಡುಕಿ ಒತ್ತಿ. ಕಿರ್ ಅಂತ ಸದ್ದಾದಾಗ ಬಾಗಿಲನ್ನು ಭುಜ ಕೊಟ್ಟು ನೂಕಬೇಕು, ಮರ ಅಷ್ಟು ಭಾರ. ಒಳಗೆ ಕತ್ತಲಿದ್ದರೆ ಗೋಡೆ ಮೇಲೆ ಮಿಣುಕುವ ಸಣ್ಣ ಗುಂಡಿ ಒತ್ತಿ. ಮೆಟ್ಟಿಲ ದೀಪ ಒಂದೆರಡು ನಿಮಿಷ ಉರಿದು ತಾನೇ ಆರುತ್ತದೆ, ಪ್ರತಿ ಮಹಡಿಯಲ್ಲೂ ಮತ್ತೆ ಒತ್ತಬೇಕು. ಹಳೇ ಲಿಫ್ಟ್ ಇದ್ದರೆ ಎರಡು ಬಾಗಿಲು ಇರುತ್ತವೆ, ಹೊರಗಿನದೂ ಒಳಗಿನದೂ ಕೈಯಿಂದಲೇ ಮುಚ್ಚಬೇಕು. ನೀವು ಇಳಿದ ಮೇಲೆ ಸರಿಯಾಗಿ ಮುಚ್ಚದಿದ್ದರೆ ಕೆಳಗಿನವರು ಎಷ್ಟು ಕರೆದರೂ ಅದು ಕದಲುವುದಿಲ್ಲ. ಅದೇ ಲಿಫ್ಟನ್ನೇ ಆ ಮನೆಯ ಮುದುಕರೂ ನಂಬಿಕೊಂಡಿರುತ್ತಾರೆ, ದಯವಿಟ್ಟು ನೋಡಿ ಮುಚ್ಚಿ.

ಕೀ ಕೈಗೆ ಬಂದ ಮೇಲೆ

ಪಾಸ್‌ಪೋರ್ಟ್ ಕೇಳುತ್ತಾರೆ, ಕೊಡಿ. ಇಳಿದವರ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಕಳಿಸಬೇಕು ಅನ್ನುವುದು ಅಲ್ಲಿನ ಕಾನೂನು. ಬರೆದುಕೊಂಡು ವಾಪಸ್ ಕೊಡುತ್ತಾರೆ, ಅಲ್ಲೇ ನಿಂತು ತೆಗೆದುಕೊಳ್ಳಿ.

ಮೂರು ಕೀ ಕೊಡಬಹುದು: ಬೀದಿ ಬಾಗಿಲದು, ಹೋಟೆಲ್ ಇರುವ ಮಹಡಿಯದು, ರೂಮಿನದು. ಯಾವುದು ಯಾವುದಕ್ಕೆ ಅಂತ ಅವರ ಎದುರಿಗೇ ಒಮ್ಮೆ ತಿರುಗಿಸಿ ನೋಡಿ. ಹಳೇ ಬೀಗಕ್ಕೆ ಎರಡು ಮೂರು ಸುತ್ತು ಬೇಕು. ಬೀದಿ ಬಾಗಿಲಿಗೆ ಒಳಗಿನಿಂದ ಹಿಡಿಕೆ ಇಲ್ಲದೇ ಇರಬಹುದು. ಆಗ ಪಕ್ಕದ ಗೋಡೆಯಲ್ಲಿ ಒಂದು ಗುಂಡಿ ಇರುತ್ತದೆ, ಕೀ ಚಿತ್ರವೋ ‘ಪೋರ್ತಾ’ ಅಂತಲೋ ಬರೆದಿರುತ್ತದೆ. ಅದನ್ನು ಒತ್ತಿದರೆ ತೆರೆಯುತ್ತದೆ. ಬೆಳಿಗ್ಗೆ ಐದಕ್ಕೆ ರೈಲಿರುವವರು ಇದನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಬೇಕು.

ಈಗ ಬಾತ್‌ರೂಮು. ಹಳೇ ರೂಮಿನ ಮೂಲೆಯಲ್ಲಿ ಆಮೇಲೆ ಅಡ್ಡಗೋಡೆ ಹಾಕಿ ಮಾಡಿದ್ದು ಅದು, ಅದಕ್ಕೇ ಇಕ್ಕಟ್ಟು. ಶವರ್ ಇರುವುದು ಒಬ್ಬರು ನಿಂತರೆ ಮೊಣಕೈ ತಾಗುವಷ್ಟು ಜಾಗದಲ್ಲಿ. ಆ ಚೌಕ ಬಿಟ್ಟು ಉಳಿದ ನೆಲದಲ್ಲಿ ನೀರು ಹೋಗುವ ತೂತು ಇರುವುದಿಲ್ಲ. ನಮ್ಮ ಹಾಗೆ ಮಗ್ಗಿನಲ್ಲಿ ಸುರಿದುಕೊಂಡು, ನೆಲಕ್ಕೆಲ್ಲ ನೀರು ಹಾಕಿದರೆ ಅದು ಬಾಗಿಲ ಸಂದಿಯಿಂದ ರೂಮಿಗೆ, ಅಲ್ಲಿಂದ ಕೆಳಗಿನ ಮನೆಯ ಚಾವಣಿಗೆ ಹೋಗುತ್ತದೆ. ಆ ಚಾವಣಿಯಲ್ಲಿ ಚಿತ್ರ ಬರೆದಿದ್ದರೂ ಬರೆದಿರಬಹುದು. ಶವರ್ ಬಾಗಿಲನ್ನು ಪೂರ್ತಿ ಎಳೆದುಕೊಂಡು ಸ್ನಾನ ಮಾಡಿ.

ಹೆಲ್ತ್ ಫಾಸೆಟ್ ಇರುವುದಿಲ್ಲ. ಆದರೆ ಯುರೋಪಿನ ಎಷ್ಟೋ ಕಡೆ ಸಿಗದ ಅನುಕೂಲ ಇಟಲಿಯಲ್ಲಿದೆ. ಕಮೋಡ್ ಪಕ್ಕದಲ್ಲಿ ಕೆಳಮಟ್ಟದ ಬೇಸಿನ್ ಥರ ಒಂದು ಇರುತ್ತದೆ, ಅದು ಬಿಡೇ, ತೊಳೆದುಕೊಳ್ಳುವುದಕ್ಕೆ. ಮನೆಗಳಲ್ಲಿ ಇದು ಇರಲೇಬೇಕು ಅಂತ 1975ರಲ್ಲಿ ಸರ್ಕಾರ ಆದೇಶ ಮಾಡಿದೆ, ಹೋಟೆಲುಗಳಲ್ಲೂ ಹೆಚ್ಚಿನ ಕಡೆ ಇದೆ. ನಲ್ಲಿಯ ಕಡೆಗೆ ಮುಖ ಮಾಡಿ ಕೂರುವುದು, ಬಿಸಿನೀರು ತಣ್ಣೀರು ಹದ ಮಾಡಿಕೊಳ್ಳುವುದು, ಅಷ್ಟೇ. ಪಕ್ಕದಲ್ಲಿ ನೇತು ಹಾಕಿದ ಚಿಕ್ಕ ಟವಲ್ ಅದಕ್ಕೇ ಇರುವುದು, ಮುಖಕ್ಕೆ ಬಳಸಬೇಡಿ. ಕಾಲು ತೊಳೆಯುವುದಕ್ಕೂ ಬಿಡೇ ಒಳ್ಳೆಯದು. ದಿನವಿಡೀ ಕಲ್ಲು ಹಾಸಿನ ಮೇಲೆ ನಡೆದು ಬಂದು ಬಿಸಿನೀರಲ್ಲಿ ಕಾಲಿಟ್ಟು ಕೂತರೆ ಎಷ್ಟು ಹಿತ.

ಶವರ್ ಹತ್ತಿರ ಮೇಲಿನಿಂದ ಒಂದು ದಾರ ಇಳಿಬಿದ್ದಿರುತ್ತದೆ. ಅದು ಲೈಟಿನದಲ್ಲ, ಬಟ್ಟೆ ಹಾಕುವುದಕ್ಕೂ ಅಲ್ಲ. ಜಾರಿ ಬಿದ್ದರೆ ಸಹಾಯಕ್ಕೆ ಕರೆಯುವ ಗಂಟೆ. ಮಕ್ಕಳಿಗೆ ಮೊದಲೇ ಹೇಳಿಡಿ. ಬಿಸಿನೀರಿಗೆ ಸಣ್ಣ ಗೀಸರ್ ಇದ್ದರೆ ಒಬ್ಬರಾದ ಮೇಲೆ ಇನ್ನೊಬ್ಬರು ಸ್ವಲ್ಪ ಹೊತ್ತು ಬಿಟ್ಟು ಸ್ನಾನ ಮಾಡಿ.

ಚಳಿ, ಸೆಕೆ, ಸೊಳ್ಳೆ

ಹೀಟರ್ ಹಾಕುವುದಕ್ಕೂ ಇಟಲಿಯಲ್ಲಿ ತಾರೀಖು ಇದೆ. ಫ್ಲಾರೆನ್ಸ್ ಇರುವ ವಲಯದಲ್ಲಿ ಸಾಮಾನ್ಯವಾಗಿ ನವೆಂಬರ್ 1ರಿಂದ ಏಪ್ರಿಲ್ 15ರ ತನಕ, ಅದೂ ದಿನಕ್ಕೆ 12 ಗಂಟೆ. ಅಕ್ಟೋಬರ್ ಕೊನೆಯಲ್ಲೋ ಏಪ್ರಿಲ್ ಕೊನೆಯಲ್ಲೋ ಚಳಿ ಹಿಡಿದರೆ ಕಲ್ಲಿನ ಗೋಡೆ ತಣ್ಣಗೆ ಕೊರೆಯುತ್ತದೆ. ಇಳಿದ ದಿನವೇ ಇನ್ನೊಂದು ಕಂಬಳಿ ಕೇಳಿ ಇಟ್ಟುಕೊಳ್ಳಿ, ಕೊಡುತ್ತಾರೆ. ಬೇಸಿಗೆಯಲ್ಲಿ ಊರಿನವರು ಮಾಡುವ ಹಾಗೆ ಮಾಡಿ: ಬೆಳಿಗ್ಗೆ ಹೊರಡುವಾಗ ಕಿಟಕಿಯ ಹೊರಗಿನ ಮರದ ಪಟ್ಟಿ ಬಾಗಿಲು ಮುಚ್ಚಿ ಹೋಗಿ, ಕತ್ತಲಾದ ಮೇಲೆ ತೆರೆಯಿರಿ. ದಪ್ಪ ಗೋಡೆ ಆಗ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಕಿಟಕಿಗೆ ಜಾಲರಿ ಇರುವುದು ಅಪರೂಪ, ನದಿ ಪಕ್ಕದ ಊರು, ಸೊಳ್ಳೆ ಧಾರಾಳ. ಸೂಪರ್ ಮಾರ್ಕೆಟಿನಲ್ಲಿ ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧಿ ಸಿಗುತ್ತದೆ, ಮೊದಲ ದಿನವೇ ತನ್ನಿ. ನಮ್ಮ ಫೋನ್ ಚಾರ್ಜರಿನ ಸಪೂರ ಎರಡು ಪಿನ್ ಸಾಮಾನ್ಯವಾಗಿ ಅಲ್ಲಿನ ಪ್ಲಗ್ಗಿಗೆ ಕೂರುತ್ತದೆ, ಮೂರು ಪಿನ್ ಕೂರುವುದಿಲ್ಲ.

ಹೊಟ್ಟೆಯ ವಿಷಯ

ಅಗ್ಗದ ಹೋಟೆಲಿನ ತಿಂಡಿ ಅಂದರೆ ಕಾಫಿ, ರಸ್ಕು, ಜಾಮ್, ಒಂದು ಕೊರ್ನೆತ್ತೊ, ಅಂದರೆ ಕ್ರೊಸಾಂಟ್ ಥರದ ಸಿಹಿ ಬನ್ನು. ಕೆಲವರು ಕೆಳಗಿನ ಬಾರಿಗೆ ಚೀಟಿ ಕೊಡುತ್ತಾರೆ. ಅಲ್ಲಿ ಬಾರ್ ಅಂದರೆ ನಮ್ಮ ದರ್ಶಿನಿಯ ಥರ, ಬೆಳಿಗ್ಗೆ ಕಾಫಿ ಕುಡಿಯುವ ಜಾಗ. ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ರೇಟು, ಟೇಬಲ್‌ಗೆ ಕೂತರೆ ಅದಕ್ಕಿಂತ ಜಾಸ್ತಿ. ತಿಂಡಿ ಸೇರಿಸಿದ ಬಾಡಿಗೆಗೂ ಸೇರಿಸದ್ದಕ್ಕೂ ವ್ಯತ್ಯಾಸ ದೊಡ್ಡದಿದ್ದರೆ ಸೇರಿಸದ್ದನ್ನೇ ತೆಗೆದುಕೊಂಡು ಬಾರಿಗೆ ಹೋಗಿ.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಬ್ರೆಡ್ ಟೊಮೆಟೊ ಬೇಯಿಸಿ ಮಾಡುವ ಪಪ್ಪಾ ಅಲ್ ಪೊಮೊದೊರೊ, ಕಪ್ಪು ಎಲೆಕೋಸು, ಬೀನ್ಸ್ ಕಾಳು ಹಾಕಿದ ರಿಬೊಲ್ಲಿತಾ ಇಲ್ಲಿನ ಮನೆಯಡುಗೆ. ಎರಡಕ್ಕೂ ‘ಬ್ರೋದೊ ದಿ ಕಾರ್ನೆ’ ಅಂದರೆ ಮಾಂಸದ ಸಾರು ಹಾಕಿದ್ದೀರಾ ಅಂತ ಕೇಳಿ ತಿನ್ನಿ. ಪಾರ್ಮೆಜಾನ್ ಚೀಸ್‌ಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕುತ್ತಾರೆ, ಅದು ಬೇಡದವರು ‘ಸೆಂಜಾ ಫೊರ್ಮಾಜ್ಜೊ’ ಅನ್ನಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಸಪ್ಪೆ ಅಂತ ಬೇಸರ ಮಾಡಿಕೊಳ್ಳಬೇಡಿ, ಸಾರಿನ ಜೊತೆ ತಿನ್ನಿ. ಉಪ್ಪು, ಎಣ್ಣೆ ಹಾಕಿದ ಸ್ಕಿಯಾಚ್ಚಾತಾ ರೊಟ್ಟಿಯ ಒಳಗೆ ಬದನೆಕಾಯಿ, ಟೊಮೆಟೊ ಇಡಿಸಿಕೊಂಡರೆ ಒಂದು ಹೊತ್ತಿನ ಊಟವೇ ಆಯಿತು.

ಅವಲಕ್ಕಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ ಒಯ್ಯುವವರು ಗಮನಿಸಿ: ಇಟಲಿಯ ರೂಮುಗಳಲ್ಲಿ ಕೆಟಲ್ ಇರುವುದು ಕಡಿಮೆ. ರೂಮಿನಲ್ಲಿ ರೈಸ್ ಕುಕ್ಕರ್, ಇಂಡಕ್ಷನ್ ಹಚ್ಚುವುದು ಬೇಡವೇ ಬೇಡ. ಹಳೇ ವೈರಿಂಗ್, ಮರದ ತೊಲೆಗಳ ಮನೆ. ಕೆಳಗೆ ಹೋಗಿ ‘ಆಕ್ವಾ ಕಾಲ್ದಾ’ ಅಂತ ಕೇಳಿದರೆ ಬಿಸಿನೀರು ಸಂತೋಷದಿಂದ ಕೊಡುತ್ತಾರೆ. ಕುಡಿಯುವ ನೀರಿಗೆ ದುಡ್ಡು ಹಾಕಬೇಡಿ, ನಲ್ಲಿ ನೀರು ಕುಡಿಯಬಹುದು. ಪಿಯಾಜ್ಜಾ ದೆಲ್ಲಾ ಸಿನ್ಯೊರಿಯಾ ಚೌಕದಲ್ಲಿ ನೆಪ್ಚೂನ್ ಕಾರಂಜಿಯ ಹತ್ತಿರ ನಗರಸಭೆಯ ನಲ್ಲಿ ಇದೆ, ಬಾಟಲಿ ಹಿಡಿದರೆ ಮಾಮೂಲಿ ನೀರೂ ಸೋಡಾದಂಥ ನೀರೂ ಪುಕ್ಕಟೆ.

ಹೊರಡುವ ದಿನ

ಹತ್ತು ಅಥವಾ ಹನ್ನೊಂದು ಗಂಟೆಗೆ ರೂಮು ಬಿಡಬೇಕು. ಹಿಂದಿನ ರಾತ್ರಿಯೇ ತೆರಿಗೆ ಕಟ್ಟಿ, ಕೀ ಎಲ್ಲಿ ಇಡಬೇಕು ಅಂತ ಕೇಳಿಕೊಳ್ಳಿ. ಸಂಜೆ ರೈಲಿದ್ದರೆ ಪೆಟ್ಟಿಗೆ ಹೋಟೆಲಿನಲ್ಲೇ ಇಡಲು ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ಮೂರು ಮಹಡಿ ಮತ್ತೆ ಹತ್ತಿ ಇಳಿಯಬೇಕು ಅನ್ನುವುದು ನೆನಪಿರಲಿ. ಸ್ಟೇಷನ್‌ನಲ್ಲಿ ದುಡ್ಡು ಕೊಟ್ಟು ಲಗೇಜ್ ಇಡುವ ಜಾಗ ಇದೆ, ಮೆಟ್ಟಿಲು ಜಾಸ್ತಿ ಇರುವ ಹೋಟೆಲಿನಿಂದ ಹೊರಡುವವರಿಗೆ ಅದೇ ವಾಸಿ. ಸ್ಟೇಷನ್‌ನ ಟಿಕೆಟ್ ಯಂತ್ರದ ಹತ್ತಿರ ತಾವಾಗಿ ಸಹಾಯಕ್ಕೆ ಬರುವವರನ್ನು ದೂರ ಇಡಿ, ಪರ್ಸು ಮುಂದಿನ ಜೇಬಿನಲ್ಲಿರಲಿ. ಪೀಸಾ ಅಥವಾ ಸಿಯೆನಾ ಕಡೆಯ ನಿಧಾನದ ರೈಲಿಗೆ ಕಾಗದದ ಟಿಕೆಟ್ ತೆಗೆದುಕೊಂಡಿದ್ದರೆ, ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ. ಟಿಕೆಟ್ ಕೈಯಲ್ಲಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ ಹಾಕುತ್ತಾರೆ.